ಒಂದು ಹೊತ್ತಗೆಗೆ ಎಷ್ಟು ಕೈಗಳು?

ಕಾವ್ಯವು ಕಿವಿಗೆ ಸೇರಿದುದು, ಚಿತ್ರವು ಕಣ್ಣಿಗೆ ಸೇರಿದುದು ಎಂಬ ವಿಭಾಗವು ಬಹುಕಾಲದಿಂದ ನಮ್ಮ ಮನಸ್ಸಿನಲ್ಲಿ ನೆಲೆಯೂರಿದೆ. ಕವಿ ಬರೆಯುತ್ತಾನೆ, ಆ ಬರೆಹಕ್ಕೆ ಒಪ್ಪುವಂತೆ ಚಿತ್ರಕಾರನು ಒಂದು ಚಿತ್ರವನ್ನು ರಚಿಸಿ ಕೊಡುತ್ತಾನೆ, ಮುದ್ರಕನು ಎರಡನ್ನೂ ಒಟ್ಟಿಗೆ ಹೊಲಿದು ವಾಚಕರ ಕೈಗೆ ಇಡುತ್ತಾನೆ. ಈ ಕ್ರಮದಲ್ಲಿ ಕವಿಯೇ ಯಜಮಾನನು, ಚಿತ್ರಕಾರನು ಅವನ ಹಿಂದೆ ನಡೆಯುವ ಪರಿಚಾರಕನು. ಚಿತ್ರವನ್ನು ತೆಗೆದುಹಾಕಿದರೂ ಕಾವ್ಯಕ್ಕೆ ಊನವಿಲ್ಲವೆಂದೇ ನಾವು ಭಾವಿಸುತ್ತೇವೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಪದ್ಯಪಾಠ ಹೇಳಿದ ನಾನೂ, ಮಕ್ಕಳು ಪಠ್ಯಪುಸ್ತಕದ ಚಿತ್ರವನ್ನೇ ನೋಡುತ್ತ ಕುಳಿತರೆ, "ಚಿತ್ರ ಆಮೇಲೆ ನೋಡಿರಿ, ಮೊದಲು ಪದ್ಯದ ಕಡೆ ಲಕ್ಷ್ಯ ಕೊಡಿರಿ" ಎಂದು ಗದರಿಸಿದವನೇ.

ಈ ಎಣಿಕೆಯನ್ನು ತಲೆಕೆಳಗು ಮಾಡಿದ ಕೆಲವು ಹೊತ್ತಗೆಗಳ ವಿಷಯವನ್ನು ಇಲ್ಲಿ ವಾಚಕರಿಗೆ ನಿವೇದಿಸಬೇಕೆಂದಿದ್ದೇನೆ. ಅವು ನಮ್ಮ ದೇಶದವಲ್ಲ. ಹೆಚ್ಚಿನವು 1912ರಿಂದ 1916ರ ವರೆಗಿನ ಅಲ್ಪಾವಧಿಯಲ್ಲಿ ಪ್ಯಾರಿಸಿನಲ್ಲಿಯೂ ರಷ್ಯದಲ್ಲಿಯೂ ಸಿದ್ಧವಾದವು. ಮುದ್ರಣಯಂತ್ರಗಳು ಊರೂರಿನಲ್ಲಿ ಗಡಗಡಿಸುತ್ತಿದ್ದ ಕಾಲದಲ್ಲಿ, ಬೇಕೆಂದೇ ಕೈಯಿಂದ ಮಾಡಿದವುಗಳಿವು. ಕವಿಯೂ ಕಲಾವಿದರೂ ಕೂಡಿ ಮಾಡಿದ ಇವುಗಳಲ್ಲಿ ಕೃತಿಕಾರರು ಯಾರು ಎಂಬ ಪ್ರಶ್ನೆ ಏಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಇವುಗಳ ಮಾತನ್ನಷ್ಟೇ ಎತ್ತಿ ಬೇರೆ ಪುಸ್ತಕದಲ್ಲಿ ಅಚ್ಚುಹಾಕಿದರೆ ನಾವು ಓದುವುದು ಅದೇ ಕೃತಿಯನ್ನೇ? ಓಲೆಗರಿಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಇಳಿದುಬಂದ ಸಾಹಿತ್ಯವನ್ನು ಓದುವ ನಮಗೆ ಈ ಎರಡನೆಯ ಪ್ರಶ್ನೆ ತೀರ ಪರಕೀಯವಾದುದಲ್ಲ.

ಮೊದಲು ಒಂದು ಭೇದವನ್ನು ಗುರುತಿಸಿಕೊಳ್ಳಬೇಕು. ಸಚಿತ್ರ ಗ್ರಂಥವೇ ಬೇರೆ, ಕೂಡಿ ಮಾಡಿದ ಹೊತ್ತಗೆಯೇ ಬೇರೆ. 1900ರಲ್ಲಿ ಪ್ಯಾರಿಸಿನ ಕಲಾವ್ಯಾಪಾರಿ ಆಂಬ್ರವಾಸ್ ವೊಲಾರ್ ಎಂಬಾತನು ವೆರ್ಲೇನ್ ಕವಿಯ ಕವನಸಂಗ್ರಹವೊಂದನ್ನು ಬೊನಾರ್ ಎಂಬ ಚಿತ್ರಕಾರನ ಕಲ್ಲಚ್ಚಿನ ಚಿತ್ರಗಳೊಡನೆ ಪ್ರಕಟಿಸಿದನು. ಪುಟದ ಅಂಚಿಗೆಲ್ಲ ಹರಡಿಕೊಂಡ ಗುಲಾಬಿ ಬಣ್ಣದ ರೇಖೆಗಳ ಆ ಗ್ರಂಥ ಬಹು ಸುಂದರವಾದುದೆಂದು ಬಲ್ಲವರು ಹೇಳುತ್ತಾರೆ. ಆದರೆ ಕವಿ 1896ರಲ್ಲಿಯೇ ಗತಿಸಿದ್ದನು. ಗತಿಸಿದವನೊಡನೆ ಚಿತ್ರಕಾರನು ಸಂಭಾಷಿಸಬಲ್ಲನಲ್ಲದೆ ಚಿತ್ರಕಾರನೊಡನೆ ಅವನು ಮರುಮಾತಾಡಲಾರನು. ಅದಕ್ಕೂ ಮೊದಲು, 1875ರಲ್ಲಿ, ಅಮೆರಿಕದ ಎಡ್ಗರ್ ಆಲನ್ ಪೋನ ಕಾಗೆಯ ಕವಿತೆಯನ್ನು ಮಲಾರ್ಮೆ ಫ್ರೆಂಚಿಗೆ ತಂದಾಗ ಎದುವಾರ್ ಮಾನೆ ಅದಕ್ಕೆ ಚಿತ್ರ ಬರೆದನು. 240 ಪ್ರತಿಗಳಿಗೆ ಕವಿ-ಚಿತ್ರಕಾರರಿಬ್ಬರೂ ರುಜು ಹಾಕಿದರು. ಅಲ್ಲಿ ಸ್ನೇಹವಿತ್ತು, ಪರಸ್ಪರ ಗೌರವವಿತ್ತು. ಆದರೂ ಮಾತಿನ ಪುಟ ಮಾತಿನ ಪುಟವಾಗಿಯೂ ಚಿತ್ರದ ಪುಟ ಚಿತ್ರದ ಪುಟವಾಗಿಯೂ ಉಳಿದವು. ಅಂದಹಾಗೆ ಆ ಗ್ರಂಥವನ್ನು ಕೊಳ್ಳುವವರೇ ಇರಲಿಲ್ಲ. ಇಂಗ್ಲೆಂಡಿನ ವಿಲಿಯಂ ಬ್ಲೇಕನ ಹೆಸರನ್ನು ಸಾಹಿತ್ಯ ವಿದ್ಯಾರ್ಥಿಗಳು ಇಲ್ಲಿ ನೆನೆಯಬಹುದು. ಮಾತನ್ನೂ ಚಿತ್ರವನ್ನೂ ಒಂದೇ ತಾಮ್ರದ ತಗಡಿನ ಮೇಲೆ ಮೂಡಿಸಿದ ಮಹಾನುಭಾವನು ಅವನು. ಆದರೆ ಅವನಲ್ಲಿ ಕವಿಯೂ ಚಿತ್ರಕಾರನೂ ಒಬ್ಬನೇ. ಅಚ್ಚೊತ್ತುವುದರಲ್ಲಿ, ಬಣ್ಣ ತುಂಬುವುದರಲ್ಲಿ ಜೊತೆಗಿದ್ದ ಹೆಂಡತಿ ಕ್ಯಾಥರೀನಳ ಹೆಸರು ಹೊತ್ತಗೆಯ ಮೇಲೆ ಬರಲಿಲ್ಲ.

ಇನ್ನು ಮುಖ್ಯ ಪ್ರಸ್ತಾಪಕ್ಕೆ ಬರೋಣ. ಬ್ಲೇಸ್ ಸಾಂದ್ರಾರ್ ಎಂಬುದು ಒಬ್ಬ ಕವಿಯ ಕಾವ್ಯನಾಮ. ಆತನ ಹುಟ್ಟುಹೆಸರು ಫ್ರೆಡೆರಿಕ್ ಸೌಸರ್, ಜನ್ಮಸ್ಥಳ ಸ್ವಿಟ್ಸರ್ಲೆಂಡಿನ ಗಡಿಯಾರದ ಊರೆನಿಸಿದ ಲಾ ಶೋ-ದ-ಫೋಂ, ಜನನ 1887. ಹದಿಹರೆಯದಲ್ಲಿ ರಷ್ಯಕ್ಕೆ ಹೋಗಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಕಾಲ ಉದ್ಯೋಗದಲ್ಲಿದ್ದನು. ಸೋನಿಯಾ ದೆಲೋನೆ 1885ರಲ್ಲಿ ಅಂದಿನ ರಷ್ಯನ್ ಸಾಮ್ರಾಜ್ಯದ ಉಕ್ರೇನಿನಲ್ಲಿ ಹುಟ್ಟಿ, ಸೋದರಮಾವನ ಆಶ್ರಯದಲ್ಲಿ ಅದೇ ಪೀಟರ್ಸ್‌ಬರ್ಗಿನಲ್ಲಿ ಬೆಳೆದವಳು. ಪ್ಯಾರಿಸಿಗೆ ಬಂದು ರೊಬೇರ್ ದೆಲೋನೆ ಎಂಬ ಚಿತ್ರಕಾರನನ್ನು ವರಿಸಿದವಳು. 1911ರಲ್ಲಿ ಆಕೆ ತನ್ನ ಹಸುಗೂಸಿಗಾಗಿ ಬಣ್ಣಬಣ್ಣದ ಬಟ್ಟೆಯ ತುಂಡುಗಳನ್ನು ಜೋಡಿಸಿ, ಉಕ್ರೇನಿನ ರೈತರ ಮನೆಗಳಲ್ಲಿ ಕಂಡ ರೀತಿಯಲ್ಲಿ, ಒಂದು ಕೌದಿಯನ್ನು ಹೊಲಿದಳು. ಮಗುವಿಗೆಂದು ಹೊಲಿದ ಆ ಕೌದಿ ಇಂದು ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿದೆ. ಬಣ್ಣದ ತುಂಡಿನ ಪಕ್ಕಕ್ಕೆ ಬಣ್ಣದ ತುಂಡನ್ನಿಟ್ಟರೆ ಎರಡೂ ಮಾತನಾಡತೊಡಗುತ್ತವೆ ಎಂಬ ಅರಿವು ಆಕೆಗೆ ಸೂಜಿ-ದಾರದಿಂದ ಬಂದಿತೇ, ಕುಂಚದಿಂದ ಬಂದಿತೇ ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಈ ಅರಿವಿಗೆ ಶಾಸ್ತ್ರದ ಆಧಾರವೂ ಇತ್ತು. ಪ್ಯಾರಿಸಿನ ಗೋಬ್ಲೇನ್ ಎಂಬ ಪ್ರಸಿದ್ಧ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣದ ವಿಭಾಗಕ್ಕೆ ಮೇಲ್ವಿಚಾರಕನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರೋಲನ ಬಳಿಗೆ ಹಿಂದೆ ಒಂದು ದೂರು ಬಂದಿತ್ತು: ಕಪ್ಪು ದಾರ ನೇಯ್ಗೆಯಲ್ಲಿ ಕಪ್ಪಾಗಿ ಕಾಣುವುದಿಲ್ಲ, ಬಣ್ಣ ಕಳಪೆಯಾಗಿದೆ ಎಂದು. ಆತನು ಪರೀಕ್ಷಿಸಿ ನೋಡಲಾಗಿ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆಯ ದಾರಗಳೇ ಕಪ್ಪನ್ನು ಮಂಕಾಗಿಸುತ್ತಿದ್ದವು. ಒಂದು ಬಣ್ಣ ಹೇಗೆ ಕಾಣುವುದೆಂಬುದು ಅದರ ನೆರೆಯನ್ನು ಅವಲಂಬಿಸಿದೆ ಎಂಬ ತತ್ತ್ವವನ್ನು ಅವನು 1839ರ ತನ್ನ ಗ್ರಂಥದಲ್ಲಿ ವಿಸ್ತರಿಸಿದನು. ಏಕಕಾಲದ ವೈದೃಶ್ಯ ಎಂದು ಅದಕ್ಕೆ ಹೆಸರು. ದೆಲೋನೆ ದಂಪತಿಗಳು ಈ ಏಕಕಾಲ ಎಂಬ ಮಾತನ್ನೇ ತಮ್ಮ ಕಲೆಯ ಬಿರುದನ್ನಾಗಿ ಮಾಡಿಕೊಂಡರು.

1913ರ ಆರಂಭದ ಹೊತ್ತಿಗೆ, ಅಪೊಲಿನೇರ್ ಕವಿಯ ಬಳಗದ ಮೂಲಕ, ಸಾಂದ್ರಾರನಿಗೆ ಈ ದಂಪತಿಗಳ ಪರಿಚಯವಾಗಿತ್ತು. ಅವನ ಮೊದಲ ದೀರ್ಘಕವನದ ಪುಸ್ತಿಕೆಯನ್ನು ಓದಿ ಮೆಚ್ಚಿದ ಸೋನಿಯಾ ಅದಕ್ಕೆ ಬಣ್ಣದ ಕಾಗದದ ತುಂಡುಗಳನ್ನು ಅಂಟಿಸಿ ಹೊಸದೊಂದು ಹೊದಿಕೆಯನ್ನು ಮಾಡಿದಳು. ಪ್ರಶಂಸೆಯ ಪತ್ರ ಬರೆಯಬಹುದಾಗಿದ್ದಲ್ಲಿ ಆಕೆ ರಟ್ಟು ಕಟ್ಟಿ ಕೊಟ್ಟಳು. ಅಲ್ಲಿಂದ ಮುಂದಿನದು ಇಬ್ಬರೂ ಕೂಡಿದ ಕೆಲಸ. ಸೈಬೀರಿಯಾದ ಮಹಾ ರೈಲುಮಾರ್ಗದ ಪ್ರಯಾಣವನ್ನು ಕುರಿತು ಸಾಂದ್ರಾರ್ ರಚಿಸಿದ ನಾಲ್ಕುನೂರಕ್ಕೂ ಹೆಚ್ಚು ಪಂಕ್ತಿಗಳ ಕವನ, "ಟ್ರಾನ್ಸ್‌ಸೈಬೀರಿಯನ್ ರೈಲಿನ ಮತ್ತು ಫ್ರಾನ್ಸಿನ ಪುಟ್ಟ ಜೆಹಾನಳ ಗದ್ಯ". ಹೆಸರಿನಲ್ಲಿ ಗದ್ಯವೆಂದಿದ್ದರೂ ಅದು ಪದ್ಯವೇ. ಕಥಾನಾಯಕನು ಹದಿನಾರರ ಹರೆಯದವನು. ರಷ್ಯ-ಜಪಾನ್ ಯುದ್ಧದ ಕಾಲದಲ್ಲಿ ಮಾಸ್ಕೋದಿಂದ ಪೂರ್ವಕ್ಕೆ ಹೊರಟಿದ್ದಾನೆ. ಜೊತೆಗೆ ಪ್ಯಾರಿಸಿನ ಬೀದಿಯಿಂದ ಬಂದ ಜೆಹಾನ್ ಎಂಬ ಬಡ ಹುಡುಗಿ. ನಾವು ನಮ್ಮ ಕೇರಿಯಿಂದ ಬಹಳ ದೂರ ಬಂದೆವೇ ಎಂದು ಅವಳು ಮತ್ತೆ ಮತ್ತೆ ಕೇಳುತ್ತಾಳೆ. ಗಾಯಾಳುಗಳನ್ನು ತುಂಬಿಕೊಂಡ ಬಂಡಿಗಳು ಎದುರಿನಿಂದ ಬರುತ್ತವೆ. ಹಾರ್ಬಿನ್ ತಲುಪಿದ ಕವನ ಒಮ್ಮೆಲೆ ಪ್ಯಾರಿಸಿಗೆ ಹಾರಿ, ಐಫೆಲ್ ಗೋಪುರದ ಬುಡದಲ್ಲಿ ಬಂದು ನಿಲ್ಲುತ್ತದೆ. ಕವಿ ನಿಜವಾಗಿಯೂ ಆ ರೈಲಿನಲ್ಲಿ ಪ್ರಯಾಣ ಮಾಡಿದ್ದನೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಸಂಶಯವಿದೆ. ಅದು ನಮಗೆ ಪ್ರಕೃತವಲ್ಲ.

ಈ ಹೊತ್ತಗೆಯ ಆಕಾರವನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಪುಟಗಳನ್ನು ಮಗುಚುವ ಹೊತ್ತಗೆ ಇದಲ್ಲ. ನಾಲ್ಕು ಹಾಳೆಗಳನ್ನು ಒಂದರ ಕೆಳಗೊಂದು ಅಂಟಿಸಿ, ಮೊದಲು ಉದ್ದಕ್ಕೆ ಎರಡಾಗಿ ಮಡಿಸಿ, ಆಮೇಲೆ ಹಾರ್ಮೋನಿಯಂನ ತಿದಿಯಂತೆ ಮಡಿಕೆ ಮಡಿಕೆಯಾಗಿ ಮಡಿಸಿದ್ದು. ಮಡಿಸಿದಾಗ ಅಂಗಿಯ ಜೇಬಿಗೆ ಹೊಂದುವಷ್ಟು. ಬಿಡಿಸಿದರೆ ಸುಮಾರು ಎರಡು ಮೀಟರು, ಅಂದರೆ ಎತ್ತರದ ಆಳಿಗಿಂತಲೂ ಉದ್ದ. ಬಲಭಾಗದಲ್ಲಿ ಕವನ, ಅದರ ನೆತ್ತಿಯ ಮೇಲೆ ರೈಲುಮಾರ್ಗದ ನಕ್ಷೆ. ಅಕ್ಷರಗಳು ಒಂದೇ ಅಳತೆಯವಲ್ಲ, ಒಂದೇ ಜಾತಿಯವಲ್ಲ, ಒಂದೇ ಬಣ್ಣದವೂ ಅಲ್ಲ. ಹಲವು ಬಗೆಯ ಅಚ್ಚುಮೊಳೆಗಳನ್ನು ಬೇರೆ ಬೇರೆ ಮಸಿಗಳಲ್ಲಿ ಒತ್ತಲಾಗಿದೆ; ಸಾಲುಗಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಯುತ್ತವೆ; ಸಾಲುಗಳ ನಡುವಣ ಖಾಲಿ ಜಾಗದಲ್ಲಿಯೂ ತೆಳುಬಣ್ಣ ಹರಿದಿದೆ. ಎಡಭಾಗದಲ್ಲಿ ಸೋನಿಯಾಳ ಚಿತ್ರ ಮೇಲಿಂದ ಕೆಳಗಿನವರೆಗೆ ಧಾರೆಯಾಗಿ ಇಳಿಯುತ್ತದೆ. ಅದರಲ್ಲಿ ರೈಲಿಲ್ಲ, ಹಿಮವಿಲ್ಲ, ಜೆಹಾನಳ ಮುಖವಿಲ್ಲ. ವರ್ತುಲಗಳು, ಕಮಾನುಗಳು, ಬಣ್ಣದ ಅಲೆಗಳು ಮಾತ್ರ. ಕಟ್ಟಕಡೆಗೆ, ಕವನದ ಕೊನೆಯ ಸಾಲುಗಳ ಸಮಕ್ಕೆ, ಒಂದು ಚಕ್ರವೂ ಕೆಂಪಾದ ಪುಟ್ಟ ಗೋಪುರವೂ ಕಾಣಿಸುತ್ತವೆ. ಎಡದಲ್ಲಿ ಇಳಿದ ಕಣ್ಣೂ ಬಲದಲ್ಲಿ ಇಳಿದ ಕಣ್ಣೂ ಪ್ಯಾರಿಸಿನಲ್ಲಿ ಕೂಡುತ್ತವೆ.

ಕವನ ಮೊದಲು ಹುಟ್ಟಿತು, ಚಿತ್ರ ಆಮೇಲೆ ಬಂದಿತು ಎಂಬುದು ನಿಜ. ಆದರೂ ಚಿತ್ರವು ಇಲ್ಲಿ ಮಾತನ್ನು ಅನುವಾದಿಸಲು ಹೊರಟಿಲ್ಲ. ಹಾಳೆಯ ಉದ್ದ, ಅಕ್ಷರದ ಬಣ್ಣ, ಸಾಲು ಎಲ್ಲಿ ಸರಿಯಬೇಕೆಂಬುದು, ಇವೆಲ್ಲ ಕವಿ-ಕಲಾವಿದೆಯರು ಕೂಡಿ ನಿರ್ಧರಿಸಿದುವು. ಸಂಗೀತ ನಿರ್ದೇಶಕನು ಹಲವು ವಾದ್ಯಗಳ ಸ್ವರಲಿಪಿಯನ್ನು ಒಂದೇ ನೋಟದಲ್ಲಿ ಓದುವಂತೆ ಇದನ್ನು ಓದಬೇಕೆಂಬ ಅಭಿಪ್ರಾಯವನ್ನು ಅಪೊಲಿನೇರ್ 1914ರಲ್ಲಿ ಸೂಚಿಸಿದನು. ಹೋಲಿಕೆ ಚೆನ್ನಾಗಿದೆ, ಆದರೆ ಪೂರ್ತಿ ಸರಿಯೆನ್ನಲಾರೆ. ಓದುವವನು ಸಾಲು ಸಾಲಾಗಿಯೇ ಓದಬೇಕಷ್ಟೆ. ಓದುತ್ತಿರುವಾಗ ಕಣ್ಣಿನ ಅಂಚಿನಲ್ಲಿ ಬಣ್ಣ ಚಲಿಸುತ್ತಿರುತ್ತದೆ. ರೈಲಿನಲ್ಲಿ ಪುಸ್ತಕ ಹಿಡಿದು ಕುಳಿತವನಿಗೆ ಕಿಟಕಿಯ ಹೊರಗೆ ಹೊಲಗಳು ಸರಿಯುವಂತೆ. ನನಗೆ ತೋರಿದ ಹೋಲಿಕೆ ಇದು.

ಇಷ್ಟು ಬಣ್ಣವನ್ನು ಕಾಗದಕ್ಕೆ ತಂದ ಬಗೆ ಹೇಗೆ? ಜೋಳದ ಚೀಲದ ಮೇಲೆ ಕೊರೆದ ತಗಡನ್ನಿಟ್ಟು ವ್ಯಾಪಾರಿಯ ಹೆಸರಿಗೆ ಬಣ್ಣ ಬಳಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಪ್ಯಾರಿಸಿನವರು ಪೊಶ್ವಾರ್ ಎಂದು ಕರೆಯುವ ವಿದ್ಯೆಯ ಮೂಲ ಇಷ್ಟೇ. ಆದರೆ ಅದನ್ನು ಅವರು ಬಹು ಸೂಕ್ಷ್ಮತೆಗೆ ಒಯ್ದಿದ್ದರು. ಕಲಾವಿದೆಯ ಮೂಲಚಿತ್ರವನ್ನು ನೋಡಿ, ಒಂದೊಂದು ಬಣ್ಣಕ್ಕೆ ಒಂದೊಂದು ಕೊರೆಹಾಳೆಯನ್ನು ಚೂರಿಯಿಂದ ಕತ್ತರಿಸಬೇಕು. ಅಚ್ಚಾದ ಹಾಳೆಯ ಮೇಲೆ ಅದನ್ನು ಸರಿಯಾಗಿ ಕೂರಿಸಿ, ಮೊಂಡು ಕುಂಚದಿಂದ ಬಣ್ಣವನ್ನು ಹಚ್ಚಬೇಕು. ಒಣಗಿದ ಮೇಲೆ ಮುಂದಿನ ಬಣ್ಣ. ಹೀಗೆ ಪ್ರತಿಯೊಂದು ಪ್ರತಿಗೂ ಹತ್ತಾರು ಬಾರಿ. ಕುಂಚದ ಒತ್ತು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಆದುದರಿಂದ ಒಂದು ಪ್ರತಿಯಂತೆ ಇನ್ನೊಂದಿಲ್ಲ. 2018ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಿಟ್ಟಿ ಮೇರಿಯಾಟ್ ಎಂಬ ಗ್ರಂಥಕಲಾವಿದೆ ಇಡೀ ಹೊತ್ತಗೆಯನ್ನು ಇದೇ ವಿಧಾನದಲ್ಲಿ ಮರುನಿರ್ಮಿಸಿದಾಗ, ಇದಕ್ಕೆ ಬೇಕಾಗುವ ತಾಳ್ಮೆ ಎಷ್ಟೆಂಬುದು ಇಂದಿನವರಿಗೆ ಮನವರಿಕೆಯಾಯಿತು.

ಪ್ರಕಟಣೆಯ ಯೋಜನೆ ಭವ್ಯವಾಗಿತ್ತು. ಚರ್ಮದ ಹಾಳೆಯ ಮೇಲೆ 8, ಜಪಾನೀ ಕಾಗದದ ಮೇಲೆ 28, ಅದನ್ನು ಹೋಲುವ ಕಾಗದದ ಮೇಲೆ 114, ಒಟ್ಟು 150 ಪ್ರತಿಗಳು. ಎಲ್ಲವನ್ನೂ ಬಿಡಿಸಿ ತುದಿಗೆ ತುದಿ ಜೋಡಿಸಿದರೆ 300 ಮೀಟರು, ಐಫೆಲ್ ಗೋಪುರದ ಎತ್ತರ! ಕವಿಯ ಮನಸ್ಸಿನ ಹುಡುಗಾಟವನ್ನು ನೋಡಿರಿ. ವಾಸ್ತವದಲ್ಲಿ ಪೂರ್ಣಗೊಂಡವು ಸುಮಾರು 60 ಮಾತ್ರ. 1914ರಲ್ಲಿ ಮಹಾಯುದ್ಧ ಆರಂಭವಾಯಿತು. ಸೈನ್ಯಕ್ಕೆ ಸೇರಿದ ಸಾಂದ್ರಾರ್ 1915ರಲ್ಲಿ ಶಾಂಪಾನ್ ಪ್ರಾಂತದ ಕಾಳಗದಲ್ಲಿ ಬಲಗೈಯನ್ನು ಕಳೆದುಕೊಂಡನು. ಬರೆಯುವ ಕೈ ಅದು. ಮುಂದೆ ಎಡಗೈಯಲ್ಲಿ ಬರೆಯುವುದನ್ನು ಕಲಿತು, 1961ರಲ್ಲಿ ತೀರಿಕೊಳ್ಳುವ ವರೆಗೂ ಬರೆದನು. ಸೋನಿಯಾ 1979ರ ವರೆಗೆ ಬದುಕಿದ್ದಳು.

ಇಲ್ಲಿ ಒಂದು ಮಾತನ್ನು ಹೇಳದಿರಲಾರೆ. ಹೊತ್ತಗೆಯ ಶೀರ್ಷಿಕೆಯಲ್ಲಿ ಕವಿಯ ಹೆಸರೂ ಕಲಾವಿದೆಯ ಹೆಸರೂ ಇವೆ. ಇದು ಅಂದಿಗೆ ದೊಡ್ಡ ಮಾತು. ಆದರೆ ಕೊರೆಹಾಳೆ ಕತ್ತರಿಸಿ, ಅರವತ್ತು ಪ್ರತಿಗಳಿಗೆ ಕುಂಚ ಒತ್ತಿದವರು ಆ ಶೀರ್ಷಿಕೆಯಲ್ಲಿಲ್ಲ. ಅವರ ಕೈಯೊತ್ತೇ ಪ್ರತಿ ಪ್ರತಿಗೂ ಇರುವ ಭೇದಕ್ಕೆ ಕಾರಣವೆಂದಾದರೆ, ಅವರನ್ನು ಬರಿಯ ಉಪಕರಣಗಳೆಂದು ಎಣಿಸಿ ಬಿಡುವುದು ಹೇಗೆ? ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರನ್ನೋ ಊರನ್ನೋ ಬರೆದು, ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಬೇಡಿಕೊಳ್ಳುವುದನ್ನು ಕಂಡವರಿಗೆ ಈ ಪ್ರಶ್ನೆ ಅಸಂಗತವೆನಿಸದು.

ಪ್ಯಾರಿಸಿನ ಹೊತ್ತಗೆ ಎಷ್ಟು ಕ್ರಾಂತಿಕಾರಕವಾಗಿದ್ದರೂ ಉಳ್ಳವರ ಕೈಗೆಟುಕುವಂಥದು. ಅದೇ ವರ್ಷಗಳಲ್ಲಿ ಮಾಸ್ಕೋ, ಪೀಟರ್ಸ್‌ಬರ್ಗುಗಳಲ್ಲಿ ಬಡ ಕವಿಗಳು ಮಾಡಿದ ಹೊತ್ತಗೆಗಳ ದಾರಿ ಬೇರೆ. ಅವು ಅಂಗೈಯಗಲದವು, ಅಗ್ಗದ ಕಾಗದದವು, ಬೆಲೆ ಕೆಲವೇ ಕೊಪೆಕ್, ಅಂದರೆ ನಮ್ಮ ಪೈಸೆಗಳ ಲೆಕ್ಕ. 1910ರಲ್ಲಿ ಬಂದ ಒಂದು ಸಂಕಲನವನ್ನಂತೂ ಗೋಡೆಗೆ ಅಂಟಿಸುವ ಹೂಚಿತ್ರದ ಕಾಗದದ ಹಿಂಬದಿಗೆ ಅಚ್ಚುಹಾಕಿದ್ದರು. ಈ ಹೊತ್ತಗೆಗಳ ಮುಖ್ಯ ಸೂತ್ರಧಾರ ಅಲೆಕ್ಸೇಯ್ ಕ್ರುಚೋನಿಖ್. ಈತನು ಒಡೆಸ್ಸಾದ ಕಲಾಶಾಲೆಯಲ್ಲಿ 1906ರಲ್ಲಿ ಶಿಕ್ಷಣ ಮುಗಿಸಿ, ಕೆಲಕಾಲ ಶಾಲೆಯಲ್ಲಿ ಚಿತ್ರಕಲೆಯ ಉಪಾಧ್ಯಾಯನಾಗಿದ್ದವನು. ಉಪಾಧ್ಯಾಯವೃತ್ತಿಯವನೆಂಬ ಕಾರಣಕ್ಕೆ ನನಗೆ ಇವನ ಮೇಲೆ ಸ್ವಲ್ಪ ಪಕ್ಷಪಾತವಿದ್ದರೆ ವಾಚಕರು ಕ್ಷಮಿಸಬೇಕು.

ಇವರು ಹಿಡಿದುದು ಕಲ್ಲಚ್ಚಿನ ಮಾರ್ಗ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು, ಕಲ್ಲನ್ನು ಒದ್ದೆ ಮಾಡಿ ಮಸಿ ಉರುಳಿಸಿದರೆ, ಜಿಡ್ಡು ಇದ್ದಲ್ಲಿ ಮಸಿ ಹಿಡಿಯುತ್ತದೆ, ನೀರು ಇದ್ದಲ್ಲಿ ಹಿಡಿಯುವುದಿಲ್ಲ. ಇದರಲ್ಲಿ ಅಕ್ಷರಕ್ಕೂ ಚಿತ್ರಕ್ಕೂ ಭೇದವೇ ಇಲ್ಲ. ಒಂದೇ ಬಳಪ, ಒಂದೇ ಕಲ್ಲು. ಮೊಳೆ ಜೋಡಿಸುವವನ ಹಂಗೂ ಇಲ್ಲ. ಅಗ್ಗವೆಂದು ಹಿಡಿದ ದಾರಿಯೇ ಅವರಿಗೆ ಒಂದು ತತ್ತ್ವವನ್ನು ತೋರಿಸಿಕೊಟ್ಟಿತು. 1913ರಲ್ಲಿ ಕ್ರುಚೋನಿಖ್ ತನ್ನ ಮಿತ್ರ ವೆಲಿಮಿರ್ ಖ್ಲೇಬ್ನಿಕೊವ್ ಕವಿಯೊಡನೆ ಅಕ್ಷರವನ್ನು ಕುರಿತು ಒಂದು ಪುಟ್ಟ ಘೋಷಣೆಯನ್ನು ಬರೆದನು. ಆಗ ಅಚ್ಚಾಗದೆ ಅದು 1930ರಲ್ಲಿ ಬೆಳಕು ಕಂಡಿತು. ಅದರ ತಾತ್ಪರ್ಯವಿಷ್ಟು: ಬರೆಯುವಾಗಿನ ಭಾವ ಕೈಬರೆಹವನ್ನು ಬದಲಿಸುತ್ತದೆ, ಹಾಗೆ ಬದಲಾದ ಬರೆಹವು, ಪದಗಳ ಅರ್ಥ ಹಾಗಿರಲಿ, ತಾನೇ ಆ ಭಾವವನ್ನು ಓದುವವನಿಗೆ ಮುಟ್ಟಿಸುತ್ತದೆ, ಆದಕಾರಣ ಕವಿತೆಯನ್ನು ಕವಿಯೇ ಬರೆಯಲಿ, ಇಲ್ಲವೆ ಕಲಾವಿದನು ಬರೆಯಲಿ. ಉತ್ತರಪತ್ರಿಕೆಗಳನ್ನು ತಿದ್ದಿದ ಯಾವ ಉಪಾಧ್ಯಾಯನೂ ಇದನ್ನು ಅಲ್ಲಗಳೆಯಲಾರನು. ಮೂರನೆಯ ಗಂಟೆಯ ಅವಸರ ಅಕ್ಷರದಲ್ಲಿಯೇ ಕಾಣುತ್ತದೆ.

1912ರ "ನರಕದಲ್ಲಿ ಆಟ" ಎಂಬ ಕೃತಿಯನ್ನು ನೋಡೋಣ. ನರಕದಲ್ಲಿ ಪಿಶಾಚಿಗಳೂ ಪಾಪಿಗಳೂ ಇಸ್ಪೀಟು ಆಡುತ್ತಿರುವ ವಿಡಂಬನೆಯ ಕವನವಿದು. ಕ್ರುಚೋನಿಖ್ ಆರಂಭಿಸಿದ್ದಕ್ಕೆ ಖ್ಲೇಬ್ನಿಕೊವ್ ಸಾಲುಗಳನ್ನು ಸೇರಿಸಿದನು. ಮೊದಲ ಆವೃತ್ತಿಗೆ ಚಿತ್ರ ಬರೆದವಳು ನತಾಲಿಯಾ ಗೊಂಚರೋವಾ. ರಷ್ಯದ ಹಳ್ಳಿಗರು ಜಾತ್ರೆಯಲ್ಲಿ ಕೊಳ್ಳುತ್ತಿದ್ದ ಅಗ್ಗದ ಚಿತ್ರಪಟಗಳ ಮತ್ತು ಅವರ ದೇವರಪಟಗಳ ಸಂಪ್ರದಾಯವನ್ನು ಅರಗಿಸಿಕೊಂಡ ಕೈ ಆಕೆಯದು. ಅವಳ ಪಿಶಾಚಿಗಳು ಪುಟದ ಪಕ್ಕದಲ್ಲಿ ಗಂಭೀರವಾಗಿ ನಿಲ್ಲುತ್ತವೆ. ಸುಮಾರು ಒಂದು ವರ್ಷದ ತರುವಾಯ ಬಂದ ಎರಡನೆಯ ಆವೃತ್ತಿಗೆ ಓಲ್ಗಾ ರೋಜನೋವಾ ಮತ್ತು ಕಜಿಮೀರ್ ಮಲೇವಿಚ್ ಚಿತ್ರ ಒದಗಿಸಿದರು. ಅಲ್ಲಿ ಆಕೃತಿಗಳು ಸಾಲುಗಳೊಳಗೇ ನುಗ್ಗುತ್ತವೆ. ಅಕ್ಷರಗಳು ಅವುಗಳಿಗೆ ದಾರಿ ಬಿಟ್ಟು ಸರಿಯುತ್ತವೆ. ಒಂದರಲ್ಲಿ ನರಕ ದೂರದಿಂದ ಕಾಣುವ ಭಿತ್ತಿಚಿತ್ರ. ಇನ್ನೊಂದರಲ್ಲಿ ಓದುವವನೇ ಅದರ ಗದ್ದಲದೊಳಗಿದ್ದಾನೆ. ಮೊದಲು ನಾನೆತ್ತಿದ ಎರಡನೆಯ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿಯದು.

ಅದೇ 1912ರ "ಕೊನೆಯಿಂದ ಲೋಕ" ಎಂಬ ಹೊತ್ತಗೆಯ ಮುಖಪುಟಕ್ಕೆ ಗೊಂಚರೋವಾ ಬಣ್ಣದ ಕಾಗದವನ್ನು ಎಲೆಯ ಆಕಾರದಲ್ಲಿ ಕತ್ತರಿಸಿ ಅಂಟಿಸಿದಳು. ಪ್ರತಿಯಿಂದ ಪ್ರತಿಗೆ ಎಲೆಯ ಆಕಾರವೂ ಬಣ್ಣವೂ ಬೇರೆ. ಒಳಗೆ ಕೆಲವು ಹಾಳೆಗಳು ಕಲ್ಲಚ್ಚು, ಕೆಲವು ರಬ್ಬರಿನ ಮೊಹರಕ್ಷರಗಳಲ್ಲಿ ಒತ್ತಿದವು. 1914ರಲ್ಲಿ ರೋಜನೋವಾಳೊಡನೆ ಮಾಡಿದ "ತೆ ಲಿ ಲೆ" ಎಂಬುದು ಹೆಕ್ಟೋಗ್ರಾಫಿನಲ್ಲಿ ತೆಗೆದ 50 ಪ್ರತಿಗಳ ಹೊತ್ತಗೆ. ಜಿಲೆಟಿನ್ ಮತ್ತು ಗ್ಲಿಸರಿನ್ ಬೆರೆಸಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ವಿಶೇಷ ಮಸಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಒತ್ತಿ ತೆಗೆದರೆ ಬರೆಹ ಅದಕ್ಕೆ ಇಳಿಯುತ್ತದೆ. ಆಮೇಲೆ ಒಂದೊಂದಾಗಿ ಬಿಳಿಯ ಹಾಳೆಯನ್ನು ಒತ್ತಿ ಪ್ರತಿ ತೆಗೆಯುತ್ತ ಹೋಗಬಹುದು, ಮಸಿ ಮಂಕಾಗುವ ವರೆಗೆ. ನಾನು ಸೇವೆಗೆ ಸೇರಿದಾಗ ಪ್ರಶ್ನಪತ್ರಿಕೆಗಳಿಗೆ ಸೈಕ್ಲೋಸ್ಟೈಲ್ ಬಂದಿತ್ತು. ಆ ಯಂತ್ರದ ಮಸಿಗೆ ಬೈಯುತ್ತ ಕೈ ತೊಳೆದುಕೊಂಡ ನೆನಪು ನನಗುಂಟು. ಅಂಥದೇ ಒಂದು ಕಚೇರಿಯ ಸಾಧನದಿಂದ ಕೆಂಪು, ನೀಲಿ, ನೇರಳೆಯ ಬಣ್ಣಗಳಲ್ಲಿ ಕವಿತೆ ಅರಳಬಹುದೆಂದು ಅಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಈ ಕವಿಗಳ ಭಾಷೆಯ ಬಗ್ಗೆ ಒಂದು ಎಚ್ಚರಿಕೆ. ಅವರು "ಝಾವುಮ್" ಎಂದು ಕರೆದ, ಅರ್ಥವನ್ನು ದಾಟಿದ ಭಾಷೆಯನ್ನು ಕೇಳಿದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಬೆಡಗಿನ ವಚನಗಳು ನೆನಪಾಗಬಹುದು. ಎರಡೂ ಒಂದಲ್ಲ. ಬೆಡಗಿಗೆ ಬೀಗವಿದೆ, ಬೀಗಕ್ಕೆ ಕೀಲಿಯೂ ಇದೆ. ಝಾವುಮ್ ಬೀಗವನ್ನೇ ಒಪ್ಪುವುದಿಲ್ಲ; ಅಲ್ಲಿ ನಾದವೂ ಅಕ್ಷರದ ರೂಪವೂ ತಮ್ಮಷ್ಟಕ್ಕೆ ನಿಲ್ಲಬೇಕು. ಆದುದರಿಂದಲೇ ಅದಕ್ಕೆ ಚಿತ್ರಕಾರರ ನೆರವು ಅಷ್ಟು ಅವಶ್ಯವಾಯಿತು. ಕೊಡುಕೊಳ್ಳುವಿಕೆ ಎರಡೂ ಕಡೆಗೆ ನಡೆಯಿತು: ಕ್ರುಚೋನಿಖನ ಸಹವಾಸದಲ್ಲಿ ರೋಜನೋವಾ ಅಂಥ ಕವಿತೆಗಳನ್ನು ಬರೆದಳು, ಅವಳ ಸಹವಾಸದಲ್ಲಿ ಅವನು ಬಣ್ಣದ ಕಾಗದ ಕತ್ತರಿಸಿದನು. 1916ರಲ್ಲಿ ಅವನು 100 ಪ್ರತಿಗಳಲ್ಲಿ ಹೊರತಂದ "ವಿಶ್ವಯುದ್ಧ"ದಲ್ಲಿ ಗಾಢನೀಲಿ ಮೊದಲಾದ ಬಣ್ಣದ ಹಾಳೆಗಳ ಮೇಲೆ ಕತ್ತರಿಸಿದ ಕಾಗದದ ಚೂರುಗಳು ಸಿಡಿಗುಂಡುಗಳಂತೆ ಚದರಿವೆ. ಆ ಚೂರುಗಳನ್ನು ಅಂಟಿಸಿದ ಕೈ ರೋಜನೋವಾಳದೆಂದು ಬಹುಕಾಲ ನಂಬಲಾಗಿತ್ತು. ಇತ್ತೀಚಿನ ಹಲವು ವಿದ್ವಾಂಸರು ಅದು ಕ್ರುಚೋನಿಖನದೇ ಎನ್ನುತ್ತಾರೆ. ಕವಿ ಯಾರು, ಚಿತ್ರಕಾರ್ತಿ ಯಾರು ಎಂಬ ಗೆರೆ ಅಳಿಸಿಹೋಗುವಷ್ಟು ಅವರು ಕೂಡಿ ದುಡಿದಿದ್ದರು. ರೋಜನೋವಾ 1918ರಲ್ಲಿ ಗಂಟಲಮಾರಿಗೆ ತುತ್ತಾದಳು. ಆಗ ಅವಳಿಗೆ 32 ವರ್ಷ. ಕ್ರುಚೋನಿಖ್ 1968ರ ವರೆಗೆ ಮಾಸ್ಕೋದಲ್ಲಿ ಬದುಕಿದ್ದನು. ಕೆಲವು ಕೊಪೆಕ್‌ಗಳಿಗೆ ಮಾರಿದ ಆ ಹೊತ್ತಗೆಗಳು ಇಂದು ಗಾಜಿನ ಪೆಟ್ಟಿಗೆಯೊಳಗಿವೆ. 2001ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಅಂದಿನ ರಷ್ಯನ್ ಹೊತ್ತಗೆಗಳು ಸಾವಿರಕ್ಕೂ ಮಿಕ್ಕಿ ದಾನವಾಗಿ ಬಂದವು.

ಇದೇ ಕಲ್ಲಚ್ಚು ಮುಂದೆ ಅಮೆರಿಕದಲ್ಲಿ ಇನ್ನೊಂದು ಜೋಡಿಯನ್ನು ಕೂಡಿಸಿತು. ರಷ್ಯದಲ್ಲಿ ಹುಟ್ಟಿ ಅಲ್ಲಿಗೆ ವಲಸೆ ಹೋದ ತತ್ಯಾನಾ ಗ್ರೋಸ್‌ಮನ್ ಎಂಬಾಕೆ 1957ರಲ್ಲಿ ನ್ಯೂಯಾರ್ಕಿನ ಬಳಿ ಕಲ್ಲಚ್ಚಿನ ಕಾರ್ಯಾಗಾರವನ್ನು ಆರಂಭಿಸಿ, ಕವಿ ಫ್ರಾಂಕ್ ಒಹಾರಾ ಮತ್ತು ಚಿತ್ರಕಾರ ಲ್ಯಾರಿ ರಿವರ್ಸ್ ಇಬ್ಬರನ್ನೂ ಒಂದೇ ಕಲ್ಲಿನ ಮುಂದೆ ಕೂರಿಸಿದಳು. ಹನ್ನೆರಡು ಕಲ್ಲಚ್ಚುಗಳ ಆ ಮಾಲೆಯ ಹೆಸರೇ "ಕಲ್ಲುಗಳು". ಕಲ್ಲಿನಿಂದ ಕಾಗದಕ್ಕೆ ಇಳಿಯುವಾಗ ಎಲ್ಲವೂ ಎಡಬಲ ತಿರುಗುತ್ತದೆ. ಚಿತ್ರಕಾರನಿಗೆ ಅದರ ಬಾಧೆ ಅಷ್ಟಿಲ್ಲ. ಕವಿ ಮಾತ್ರ ಪ್ರತಿಯೊಂದು ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ಬಲದಿಂದ ಎಡಕ್ಕೆ ಬರೆಯಬೇಕಾಯಿತು. ಹಾಗೆ ಬರೆಯುವವನು ವೇಗವಾಗಿ ಬರೆಯಲಾರನು, ಹೆಚ್ಚು ಬರೆಯಲಾರನು. ಉಪಕರಣವೇ ಕವಿಯ ನಾಲಗೆಗೆ ಮಿತಿಯನ್ನು ಹಾಕಿತು.

ಸಾಂದ್ರಾರನ ಕವನ 1919ರಲ್ಲಿ ಅವನ ಕವನಸಂಗ್ರಹದಲ್ಲಿ ಬಿಳಿಯ ಪುಟದ ಮೇಲೆ ಕಪ್ಪು ಮಸಿಯಲ್ಲಿ ಪುನಃ ಅಚ್ಚಾಯಿತು. ಅಂದಿನಿಂದ ಅದನ್ನು ಓದಿದ ಸಾವಿರಾರು ಜನರಲ್ಲಿ ಸೋನಿಯಾಳ ಬಣ್ಣವನ್ನು ಕಂಡವರು ಎಷ್ಟು ಜನ? ಕವನ ಸಾಯಲಿಲ್ಲ, ಸರಿ. ಮಹತ್ತಾದ ಕವನವೆಂದೇ ಅದು ಪ್ರಸಿದ್ಧವಾಗಿದೆ. ಅಚ್ಚು ಇಲ್ಲದಿದ್ದರೆ ದೂರದೇಶದ ನನ್ನಂಥವನಿಗೆ ಅದರ ಹೆಸರೂ ತಿಳಿಯುತ್ತಿರಲಿಲ್ಲ. ಆದುದರಿಂದ ಬಿಡಿ ಪಠ್ಯವನ್ನು ನಾನು ಹಳಿಯಲಾರೆ. ಆದರೆ ಆ ಪಠ್ಯವನ್ನು ಮುದ್ರಿಸುವವರು, ಇದು ಇಬ್ಬರ ಕೃತಿಯಲ್ಲಿ ಒಬ್ಬರ ಪಾಲು ಮಾತ್ರವೆಂದು ಒಂದು ಸಾಲಿನ ಸೂಚನೆಯನ್ನಾದರೂ ಕೊಡಬೇಕು. ನಾನು ಆ ಸೂಚನೆಯನ್ನು ಕೊಡದೆ ಬಿಟ್ಟವರ ಸಾಲಿನಲ್ಲಿಯೇ ನಿಂತವನಾದುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ನಮ್ಮ ಪ್ರೌಢಶಾಲೆಗಳಲ್ಲಿ ಕೈಬರೆಹದ ಪತ್ರಿಕೆ ಎಂಬ ಪದ್ಧತಿಯೊಂದಿತ್ತು. ವರ್ಷಕ್ಕೊಮ್ಮೆ ಮಕ್ಕಳ ಕಥೆ, ಕವಿತೆಗಳನ್ನು ಆರಿಸಿ, ದುಂಡಗೆ ಬರೆಯುವ ಮಕ್ಕಳಿಂದ ಡ್ರಾಯಿಂಗ್ ಹಾಳೆಗಳ ಮೇಲೆ ಬರೆಯಿಸಿ, ಚಿತ್ರ ತೆಗೆಯಿಸಿ, ರಟ್ಟು ಹಾಕಿ ಹೊಲಿಯುತ್ತಿದ್ದೆವು. ಇದ್ದುದು ಒಂದೇ ಪ್ರತಿ. 1987ರ ಸುಮಾರಿಗೆ ನಾನಿದ್ದ ಶಾಲೆಯ ಪತ್ರಿಕೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಕೆರೆಯ ಮೇಲಣ ಕವಿತೆಯಿತ್ತು. ಅದನ್ನು ಬರೆದು ಸುತ್ತ ಚಿತ್ರ ತೆಗೆದವಳು ಅದೇ ತರಗತಿಯ ಒಬ್ಬ ಹುಡುಗಿ. ಸಂಪಾದಕನೆಂದು ನನ್ನ ಹೆಸರು ಮುಖಪುಟದ ಮೇಲೆ, ಕವಿಯ ಹೆಸರು ಕವಿತೆಯ ಕೆಳಗೆ ಬಂದವು. ಅವಳ ಹೆಸರು ಎಲ್ಲಿಯೂ ಬರಲಿಲ್ಲ. ಬರೆಯಬೇಕೆಂಬುದು ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ನಿವೃತ್ತನಾದ ಮೇಲೆ ಆ ಪತ್ರಿಕೆ ನನ್ನ ಪೆಟ್ಟಿಗೆಯಲ್ಲಿಯೇ ಉಳಿದಿತ್ತು. ಈಗ ತಾನೂ ಶಿಕ್ಷಕಿಯಾಗಿರುವ ಆ ಹುಡುಗಿ ಕೆಲವು ವರ್ಷಗಳ ಹಿಂದೆ ಮನೆಗೆ ಬಂದಿದ್ದಾಗ ತೆಗೆದು ತೋರಿಸಿದೆ. ಕೆರೆಯ ಪುಟದಲ್ಲಿ ಬೆರಳು ನಿಲ್ಲಿಸಿ ಅವಳು ನಕ್ಕಳು.

"ಸರ, ಇದರೊಳಗ ಎರಡು ಸಾಲು ಇಲ್ಲರಿ."

"ಅದು ಹೆಂಗವ್ವಾ? ನಾನೇ ತಿದ್ದಿ ಕೊಟ್ಟಿದ್ದೆನಲ್ಲ."

"ಕೊಕ್ಕರೆ ಕುತ್ತಿಗಿಗೆ ಜಾಗಾ ಸಾಲಲಿಲ್ಲರಿ. ಅವನಿಗೆ ಕೇಳಿದೆ. ತಗಿ ಅಂದ. ತಗದ ಮ್ಯಾಲೆ ಅವನೇ ಓದಿ ನೋಡಿ, ಇದೇ ಛಲೋ ಆತು ಅಂದ."

ಆ ಹಾಳೆಯನ್ನು ಮತ್ತೆ ಓದಿದೆ. ಮೂರನೆಯ ನುಡಿ ಎರಡೇ ಸಾಲಿಗೆ ನಿಂತಿದೆ; ಉಳಿದ ಜಾಗದಲ್ಲಿ ಕೊಕ್ಕರೆಯ ಕತ್ತು ಬಾಗಿ ನೀರಿನ ಗೆರೆಯನ್ನು ಮುಟ್ಟಿದೆ. ಮೂವತ್ತು ವರ್ಷ ಅದನ್ನು ಆ ಹುಡುಗನ ಕವಿತೆಯೆಂದೇ ತಿಳಿದಿದ್ದೆ. ಅಂದು ಅವಳ ಎದುರಿನಲ್ಲಿಯೇ ಪೆನ್ನು ತೆಗೆದು, ಕವಿಯ ಹೆಸರಿನ ಪಕ್ಕದಲ್ಲಿ ಅವಳ ಹೆಸರನ್ನೂ ಬರೆದೆ. ಹಳೆಯ ಹಾಳೆ ಮಸಿಯನ್ನು ಹೀರಿಕೊಂಡು ಅಕ್ಷರಗಳು ಸ್ವಲ್ಪ ಹರಡಿದವು.